ಕೆಸರು ಹತ್ತದ ಎತ್ತರ

ಚಿತ್ರ ಬರೆಯುವ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಬೈಲಹೊಂಗಲದ ನಮ್ಮ ಮನೆಗೆ ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಬಣ್ಣ ಯಾವುದು ಒಳ್ಳೆಯದು, ಕೈ ಹೇಗೆ ಪಳಗಿತು, ಜನ ನಿಮ್ಮ ಚಿತ್ರ ನೋಡುವಂತೆ ಹೇಗೆ ಮಾಡಿದಿರಿ. ಮೊದಲಿನ ಎರಡಕ್ಕೆ ನಾನು ನಿಜ ಹೇಳುತ್ತೇನೆ. ಮೂರನೆಯದಕ್ಕೆ ಇಷ್ಟು ದಿನ ಕೊಟ್ಟ ಉತ್ತರ ಪೂರ್ತಿ ನಿಜವಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ಮೂವತ್ತಾರಕ್ಕೆ ಕೆಲಸ ಬಿಟ್ಟೆ. ಹನ್ನೆರಡು ವರ್ಷ ಎನಾಮೆಲ್ ಬಣ್ಣ ಮತ್ತು ಥಿನ್ನರಿನ ವಾಸನೆಯಲ್ಲಿ ಉಸಿರಾಡಿದ್ದರಿಂದ ಉಬ್ಬಸ ಹತ್ತಿತು. "ಇನ್ನ ಆ ಡಬ್ಬಿ ಮುಚ್ಚಳ ತೆಗೀಬ್ಯಾಡ್ರಿ" ಎಂದು ಡಾಕ್ಟರು ಒಂದೇ ಮಾತಿನಲ್ಲಿ ಮುಗಿಸಿದರು. ಈಗ ಪೆನ್ಸಿಲ್ ಮಾತ್ರ ಹಿಡಿಯುತ್ತೇನೆ.

ನಮ್ಮ ಅಜ್ಜ ಪುರಾಣ ಹೇಳುತ್ತಿದ್ದವರು, ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರು. ಕುಂಚ ಹಿಡಿದವಳು ಮನೆತನದಲ್ಲಿ ನಾನೇ ಮೊದಲು. ಧಾರವಾಡದಲ್ಲಿ ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದೆ. ರಜೆಯಲ್ಲಿ ಹೂಲಿಗೆ ಹೋಗಿ ಹಳೆಯ ಗುಡಿಗಳ ಕಂಬದ ಬಳ್ಳಿಗಳನ್ನು ದಿನಗಟ್ಟಲೆ ನೋಡಿ ನೋಡಿ ಬರೆದಿದ್ದೆ. ಗೆರೆ ಚೆನ್ನಾಗಿ ಕೂತಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಕಲಿತ ಕೈ ಇನ್ನೊಂದಿಲ್ಲ ಎಂಬ ಖಾತ್ರಿಯಿಂದ ಊರಿಗೆ ಮರಳಿದೆ. ಯಾರಿಗೂ ಹಾಗೆ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳದ ಖಾತ್ರಿ ಹೆಚ್ಚು ಗಟ್ಟಿ.

ಮೊದಲ ಕೆಲಸ ಸಿಕ್ಕಿದ್ದು ಫ್ಲೆಕ್ಸ್ ಅಂಗಡಿಯಲ್ಲಿ. ಕೈಯಿಂದ ಬೋರ್ಡು ಬರೆಯುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದ ಕಾಲ ಅದು. ಮಾಲೀಕ ಮಲ್ಲಣ್ಣ ಸ್ವತಃ ಹಳೆಯ ಬೋರ್ಡ್ ಪೇಂಟರ್. ಒಮ್ಮೆ ರಾಮದುರ್ಗ ಕಡೆಯ ಒಬ್ಬರ ಹುಟ್ಟುಹಬ್ಬದ ಬ್ಯಾನರ್ ಬಂತು. ಹದಿಮೂರು ಮುಖ ಹಾಕಬೇಕಿತ್ತು. ನಾನು ಕಾಲೇಜಿನಲ್ಲಿ ಕಲಿತಂತೆ ಕೆಲವರನ್ನು ಮುಂದೆ ದೊಡ್ಡದಾಗಿ, ಕೆಲವರನ್ನು ಹಿಂದೆ ಸಣ್ಣದಾಗಿ ಕೂಡಿಸಿ ಆಳ ತಂದೆ. ನೋಡಲು ಬಂದ ನಾಲ್ವರಲ್ಲಿ ಒಬ್ಬರು ಕಂಪ್ಯೂಟರಿನ ಪರದೆಗೆ ಬೆರಳಿಟ್ಟರು.

"ಏನವ್ವಾ, ನಮ್ಮ ಕಾಕಾನ್ನ ಎಲ್ಲಿ ಕಳಿಸಿದಿ? ಲಿಂಬಿಹಣ್ಣಿನಷ್ಟ ಆಗ್ಯಾನಲ್ಲ!"

"ಅವರು ದೂರ ನಿಂತಾರ್ರಿ" ಎಂದೆ.

"ಯಾಕ ದೂರ ನಿಲ್ಲಬೇಕು? ಮನ್ಯಾಗ ಜಗಳ ಆಗೇತೇನು?"

ಅವರು ಹೋದ ಮೇಲೆ ಮಲ್ಲಣ್ಣ ಕಾಕಾನ ಮುಖವನ್ನು ತಾನೇ ಎಳೆದು ದೊಡ್ಡದು ಮಾಡಿದ. "ತಂಗಿ, ಫ್ಲೆಕ್ಸಿನ್ಯಾಗ ದೂರ ಹತ್ತರ ಇರೂದಿಲ್ಲ. ದೊಡ್ಡವರು, ಸಣ್ಣವರು, ಅಷ್ಟಽ" ಎಂದ. ಅದನ್ನು ನಾನು ಅವಮಾನ ಎಂದುಕೊಂಡೆ. ನೋಡುವವರು ಚಿತ್ರದಲ್ಲಿ ಏನನ್ನು ಹುಡುಕುತ್ತಾರೆ ಎಂದು ಅವನು ಹೇಳಿಕೊಡುತ್ತಿದ್ದ ಎಂಬುದು ಆಗ ತಲೆಗೆ ಹೋಗಲಿಲ್ಲ. ವರ್ಷ ತುಂಬುವ ಮೊದಲೇ ಅಂಗಡಿ ಬಿಟ್ಟೆ.

ಆಮೇಲೆ ಬಂದದ್ದು ಟ್ರೇಲರ್. ಎಂ.ಕೆ. ಹುಬ್ಬಳ್ಳಿಯ ರಸ್ತೆಯಲ್ಲಿ ಇಮಾಮಸಾಬರದು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಅಂಗಡಿ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ರೈತರು ಅಲ್ಲಿ ಹೊಸ ಟ್ರೇಲರ್ ಮಾಡಿಸಿ, ಹಳೆಯದಕ್ಕೆ ಬಣ್ಣ ಹೊಡೆಸಿ, ಹಿಂದಿನ ತಗಡಿನ ಮೇಲೆ ಚಿತ್ರ ತೆಗೆಸುತ್ತಾರೆ. ಕಿತ್ತೂರು ಸಮೀಪದ ನಿಂಗಪ್ಪ ಎಂಬ ರೈತ ತನ್ನ ಹೊಸ ಗಾಡಿಗೆ ಜೋಡಿ ಬಿಳಿ ಎತ್ತು ಬೇಕೆಂದ. ಆರು ದಿನ ಕೆಲಸ ಮಾಡಿದೆ. ಗೊರಸಿನ ಸೀಳು, ಕೊಂಬಿನ ಕೆಂಪು ಗೊಂಡೆ, ಕೊರಳ ಗಂಟೆಯ ಹೊಳಪು, ಒಂದನ್ನೂ ಬಿಡಲಿಲ್ಲ.

ಇಮಾಮಸಾಬರ ಮಗಳು ಫಾತಿಮಾ ಪಕ್ಕದ ಗಾಡಿಗೆ ಚಿತ್ರ ತೆಗೆಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಹತ್ತನೆಯ ತರಗತಿಗೆ ಸಾಲಿ ಬಿಟ್ಟವಳು. ಕೊನೆಯ ದಿನ ಬಂದು ನಿಂತು ಬಹಳ ಹೊತ್ತು ನೋಡಿದಳು.

"ಕಾಲು ಭಾಳ ಚಂದ ತೆಗದೀರಿ ಅಕ್ಕಾರ. ಆದ್ರ ಕಾಲು ಯಾರಿಗೂ ಕಾಣೂದಿಲ್ಲ" ಎಂದಳು.

ಹುಡುಗಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಹಂಗಾಮು ಶುರುವಾಗಿ ವಾರದ ಮೇಲೆ ನನ್ನ ಕೆಲಸ ನೋಡಲೆಂದು ಸಕ್ಕರೆ ಕಾರ್ಖಾನೆಯ ಕಡೆ ಹೋದೆ. ಕಬ್ಬಿನ ಗಾಡಿಗಳು ಉದ್ದಕ್ಕೆ ಪಾಳಿ ಹಚ್ಚಿ ನಿಂತಿದ್ದವು. ಒಬ್ಬೊಬ್ಬ ಡ್ರೈವರನಿಗೂ ಗಂಟೆಗಟ್ಟಲೆ ನೋಡಲು ಇರುವುದು ಒಂದೇ, ಮುಂದಿನ ಗಾಡಿಯ ಬೆನ್ನು. ಇಷ್ಟು ತಾಳ್ಮೆಯ ಪ್ರೇಕ್ಷಕರು ನಗರದ ಯಾವ ಪ್ರದರ್ಶನಕ್ಕೂ ಬರುವುದಿಲ್ಲ ಎಂದು ನನಗೆ ಹಿಗ್ಗಾಯಿತು. ನಿಂಗಪ್ಪನ ಗಾಡಿ ಹುಡುಕಿದೆ. ಮೇಲಿನಿಂದ ಕಬ್ಬಿನ ತುದಿಗಳು ಇಳಿಬಿದ್ದು ಎತ್ತುಗಳ ತಲೆ, ಕೊಂಬು, ಗಂಟೆ ಎಲ್ಲವನ್ನೂ ಮುಚ್ಚಿದ್ದವು. ಕೆಳಗೆ ಹೊಲದ ಕೆಸರು ಸಿಡಿದು ಒಣಗಿ ಕಾಲುಗಳು ಪೂರ್ತಿ ಮಾಯವಾಗಿದ್ದವು. ನಡುವೆ ಉಳಿದದ್ದು ಎರಡು ಬಿಳಿಯ ಗುಂಡನೆಯ ಮೈ.

ಹಿಂದಿನ ಟ್ರ್ಯಾಕ್ಟರಿನ ಮೇಲಿಂದ ಒಬ್ಬ ಕೂಗಿದ: "ನಿಂಗಪ್ಪಾ, ಇಡ್ಲಿ ಗಾಡಿ ಮುಂದ ತಗಿಯೋ! ಚಟ್ನಿ ಆರಾಕತ್ತೈತಿ!"

ಪಾಳಿಯ ಉದ್ದಕ್ಕೂ ನಗು. ಆ ಹಂಗಾಮು ಮುಗಿಯುವವರೆಗೂ ಅದು ಇಡ್ಲಿ ಗಾಡಿಯೇ ಆಯಿತು. ನಿಂಗಪ್ಪ ಒಳ್ಳೆಯವನು, ನನಗೆ ಏನೂ ಅನ್ನಲಿಲ್ಲ. ಮುಂದಿನ ವರ್ಷ ಫಾತಿಮಾಳ ಕಡೆ ಹೋದ.

ಅದೇ ಪಾಳಿಯಲ್ಲಿ ಎರಡು ಗಾಡಿಯ ಆಚೆ ಅವಳ ಚಿತ್ರವಿತ್ತು. ತಗಡಿನ ನಡುವಿನ ಒಂದು ಮೊಳ ಅಗಲದ ಪಟ್ಟಿಯಲ್ಲಿ ಮಾತ್ರ ಬರೆದಿದ್ದಳು. ಎಡಕ್ಕೆ ಆಕಳ ಮುಖ, ಬಲಕ್ಕೆ ಕರುವಿನ ಕಿವಿ, ನಡುವೆ ಕರುವನ್ನು ನೆಕ್ಕುವ ನಾಲಿಗೆ. ಬೇರೆ ಏನಿಲ್ಲ. ಕಬ್ಬು ಅದನ್ನು ಮುಟ್ಟಿರಲಿಲ್ಲ, ಕೆಸರು ಅಲ್ಲಿಯವರೆಗೆ ಬಂದಿರಲಿಲ್ಲ. ಹಿಂದೆ ಕೂತ ಡ್ರೈವರ್ ಸ್ಟಿಯರಿಂಗಿಗೆ ಗದ್ದ ಊರಿ ಅದನ್ನೇ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಾ ನಿಂತೆ. ಒಬ್ಬ ಮನುಷ್ಯನೂ ನನ್ನ ಯಾವ ಚಿತ್ರವನ್ನೂ ಹಾಗೆ ನೋಡಿರಲಿಲ್ಲ. ಎದೆಯಲ್ಲಿ ಸಣ್ಣಗೆ ಉರಿ ಹತ್ತಿದ್ದು ಅಲ್ಲೇ. ಅದು ಇನ್ನೂ ಆರಿಲ್ಲ.

ಅವಳ ಹತ್ತಿರ ಹೋಗಿ ಕೇಳಲು ಎರಡು ತಿಂಗಳು ಹಿಡಿಯಿತು. ಕೇಳಿದಾಗ ಅವಳು ಏನನ್ನೂ ಬಚ್ಚಿಡಲಿಲ್ಲ. ಬಕೆಟಿನಲ್ಲಿ ಎರೆಮಣ್ಣು ಕಲಸಿ, ಪ್ರೈಮರ್ ಹೊಡೆದ ತಗಡಿನ ಮೇಲೆ ಗಾಲಿಯ ಎತ್ತರದಿಂದ ಹಿಡಿಹಿಡಿಯಾಗಿ ಎಸೆದಳು.

"ಮೊದಲ ಕೆಸರು ಒಗದ ನೋಡ್ರಿ. ಎಲ್ಲೀತನಕ ಹತ್ತತೈತೋ ಅಲ್ಲೀತನಕ ನಮ್ಮದಲ್ಲ. ಮ್ಯಾಲೆ ಕಬ್ಬು ಇಳಿಯೂ ಜಾಗಾ, ಅದೂ ನಮ್ಮದಲ್ಲ. ನಡುವ ಉಳೀತಲ್ಲ, ಅಷ್ಟ ನಮಗ ಕೊಟ್ಟಾರ."

"ಇದನ್ನ ಯಾರು ಕಲಿಸಿದ್ರು ನಿನಗ?"

"ಗಾಡಿ ತೊಳಿಯಾಕ ಹಚ್ಚಿದ್ರಲ್ರಿ ಅಪ್ಪಾ, ಸಣ್ಣಾಕಿ ಇದ್ದಾಗ. ಎಲ್ಲಿ ಉಜ್ಜಬೇಕು ಅಂತ ಕೈಗೆ ಗೊತ್ತೈತಿ."

ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದೇ. ಚಿತ್ರ ಶುರುಮಾಡುವ ಮುಂಚೆ ಅದನ್ನು ನೋಡುವವರ ಜಾಗದಲ್ಲಿ ಹೋಗಿ ಕೂಡಿರಿ. ಅವರಿಗೂ ಚಿತ್ರಕ್ಕೂ ನಡುವೆ ಏನೇನು ಬರುತ್ತದೆ ನೋಡಿರಿ. ಉಳಿದ ಜಾಗದಲ್ಲಿ ಬರೆಯಿರಿ. ಇದನ್ನು ನಾನು ಕಾಲೇಜುಗಳಲ್ಲಿ ಹಲವು ಸಲ ಹೇಳಿದ್ದೇನೆ, ನನ್ನದೇ ಕಾಣ್ಕೆ ಎಂಬಂತೆ. ಸುರೇಬಾನದ ಶಾಲೆಯ ಗೋಡೆಯನ್ನು ಉದಾಹರಣೆ ಕೊಡುತ್ತಿದ್ದೆ. ಅಲ್ಲಿ ಆನೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಬರೆದಿದ್ದೆ, ಒಂದನೆಯ ತರಗತಿಯ ಮಕ್ಕಳಿಗೆ ಬರೀ ಹೊಟ್ಟೆ ಕಾಣುತ್ತಿತ್ತು, ಆಮೇಲೆ ಮೊಣಕಾಲೂರಿ ಕೂತು ಮತ್ತೆ ಬರೆದೆ ಎಂದು. ಅದು ನಡೆದದ್ದು ನಿಜ. ಮೊಣಕಾಲೂರಲು ಕಲಿಸಿದವಳ ಹೆಸರು ಮಾತ್ರ ಹೇಳಲಿಲ್ಲ.

ಎರಡನೆಯ ಪಾಠ ಹೊಟ್ಟೆಕಿಚ್ಚಿನದು. ಅದು ಬರಬಾರದು ಎಂದು ಹೇಳಿ ಪ್ರಯೋಜನವಿಲ್ಲ, ಬರುತ್ತದೆ. ಬಂದಾಗ ನಿಖರವಾಗಿರಬೇಕು. "ಅವಳ ಅದೃಷ್ಟ" ಎಂದು ಉರಿದುಕೊಂಡರೆ ಏನೂ ಸಿಗುವುದಿಲ್ಲ. ಯಾವ ಗೆರೆ, ಯಾವ ಬಣ್ಣ, ಯಾವ ಮೂಲೆ ಎಂದು ಕೇಳಿಕೊಳ್ಳಬೇಕು. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಫಾತಿಮಾಳ ಕೆಲಸದಲ್ಲಿ ನನ್ನನ್ನು ಸುಟ್ಟದ್ದನ್ನೆಲ್ಲ ಬರೆದಿಡುತ್ತಿದ್ದೆ. "ಆಕಳ ನಾಲಿಗೆ: ಚಪ್ಪಟೆ ಕುಂಚ, ಒಂದೇ ಎಳೆತ, ತಿರುವಿನಲ್ಲಿ ಕೈ ಸಡಿಲ." "ಕರುವಿನ ಕಿವಿಯ ಒಳಗೆ ಗುಲಾಬಿ ಅಲ್ಲ, ಇಟ್ಟಂಗಿ ಬಣ್ಣ." ಆ ನಾಲಿಗೆಯ ಎಳೆತವನ್ನು ಹಳೆಯ ತಗಡಿನ ಮೇಲೆ ಎಷ್ಟು ಸಲ ಮಾಡಿ ನೋಡಿದೆನೋ ಲೆಕ್ಕವಿಲ್ಲ. ನನ್ನ ಕೈ ಸುಧಾರಿಸಿದ್ದು ಆ ನೋಟ್‌ಬುಕ್ಕಿನಿಂದ. ನಾಲಿಗೆ ಮಾತ್ರ ಬರಲಿಲ್ಲ. ನನ್ನದು ಸರಿಯಾಗಿರುತ್ತಿತ್ತು, ಅವಳದು ಒದ್ದೆಯಾಗಿರುತ್ತಿತ್ತು.

ಆಮೇಲೆ ಫೋನಿನ ಕಾಲ ಬಂತು. ನಾನು ನನ್ನ ಕೆಲಸಗಳನ್ನು ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದು, ಕೆಳಗೆ ಎರಡು ಸಾಲು ಯೋಚಿಸಿ ಬರೆದು ಹಾಕುತ್ತಿದ್ದೆ. ಕಾಲೇಜಿನ ಗೆಳತಿಯರು ಮೆಚ್ಚುತ್ತಿದ್ದರು, ಅವರೇ ಪ್ರತಿಸಲ. ಫಾತಿಮಾ ಏನನ್ನೂ ಹಾಕುತ್ತಿರಲಿಲ್ಲ. ಅವಳ ಚಿತ್ರಗಳನ್ನು ಡ್ರೈವರುಗಳೇ ಪಾಳಿಯಲ್ಲಿ ಕೂತು ಹೊಡೆದು ಸ್ಟೇಟಸ್ ಇಡುತ್ತಿದ್ದರು. ಯಾರ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಅವಳು ಹೆಸರು ಬರೆಯುತ್ತಲೇ ಇರಲಿಲ್ಲ. ನಾನು ಕಾಲೇಜಿನ ರೂಢಿಯಂತೆ ಪ್ರತಿ ಚಿತ್ರದ ಕೆಳಗೆ ಬಲಮೂಲೆಯಲ್ಲಿ ಸಹಿ ಹಾಕುತ್ತಿದ್ದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಒಂದು ದಿನ ಮಧ್ಯಾಹ್ನ ದೇಸಾಯರು ಎಂಬ ಹಿರಿಯರು ನಮ್ಮ ಮನೆಗೆ ಬಂದರು. ನಿವೃತ್ತ ಎಂಜಿನಿಯರ್. ಅವರ ಟ್ರಸ್ಟು ಸವದತ್ತಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸಿತ್ತು. ಬಸ್ ನಿಲ್ಲುವ ಜಾಗದ ಎದುರಿಗೇ ಅದರ ಉದ್ದನೆಯ ಕಂಪೌಂಡ್ ಗೋಡೆ. ಅವರು ಚಹಾ ಮುಟ್ಟುವ ಮೊದಲೇ ಫೋನ್ ತೆಗೆದು ಒಂದು ಫೋಟೊ ತೋರಿಸಿದರು. ಆಕಳು, ಕರು, ನಾಲಿಗೆ.

"ಕಿತ್ತೂರ ರಸ್ತೇದಾಗ ಈ ಗಾಡಿ ಹಿಂದ ಸಿಕ್ಕೊಂಡಿದ್ದೆ. ಡ್ರೈವರಗ ಓವರ್‌ಟೇಕ್ ಮಾಡಬ್ಯಾಡ ಅಂದೆ. ಇದನ್ನ ಯಾರು ತೆಗದಾರ? ನಮ್ಮ ಗ್ವಾಡಿ ಅವರ ಕಡೆನ ತೆಗಸಬೇಕು. ಈ ಸುತ್ತಿನ ಪೇಂಟರ್ ಎಲ್ಲಾ ನಿಮಗ ಗೊತ್ತು ಅಂತ ಹೇಳಿದ್ರು ಯಾರೋ."

ನಾನು ಫೋನನ್ನು ಕೈಗೆ ತೆಗೆದುಕೊಂಡು, ಗುರುತು ಹಿಡಿಯುವವಳಂತೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ.

"ಇಂಥಾ ಗಾಡಿ ಭಾಳ ಅದಾವ್ರಿ" ಎಂದೆ. "ಯಾರು ತೆಗದದ್ದು ಅಂತ ಹೇಳೂದು ಕಷ್ಟ."

ಅವರು ನಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ನನ್ನ ಹೂಲಿಯ ಬಳ್ಳಿಗಳನ್ನು ಒಮ್ಮೆ ನೋಡಿದರು. "ಹಂಗಾದ್ರ ನೀವ ಮಾಡಿಕೊಡ್ರಲ್ಲ" ಎಂದರು. ಒಪ್ಪಿಕೊಂಡೆ.

ಗೋಡೆ ಒಬ್ಬಳ ಕೈಗೆ ಮುಗಿಯುವಂಥದ್ದಾಗಿರಲಿಲ್ಲ. ನಾನು ಸಹಾಯಕ್ಕೆ ಫಾತಿಮಾಳನ್ನೇ ಕರೆದೆ. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಕರೆದದ್ದು ಯಾಕೆ ಎಂದು ನನಗೆ ಆಗಲೂ ಗೊತ್ತಿತ್ತು. ಆ ನಾಲಿಗೆ ನನಗೆ ಬರುತ್ತಿರಲಿಲ್ಲ.

ಅವಳು ಮೊದಲ ದಿನ ಗೋಡೆಯನ್ನು ಮುಟ್ಟಲೇ ಇಲ್ಲ. ರಸ್ತೆ ದಾಟಿ, ಬಸ್ಸಿಗೆ ಕಾಯುವ ಹೆಂಗಸರ ಸಾಲಿನಲ್ಲಿ ಕಟ್ಟೆಯ ಮೇಲೆ ಕೂತಳು. ಅವರೊಡನೆ ಶೇಂಗಾ ತಿಂದಳು, ಮಾತಾಡಿದಳು. ಒಂದು ತಾಸಿನ ಮೇಲೆ ಬಂದು, "ಇಲ್ಲಿ ಕಬ್ಬಿನ ಹಾಲಿನ ಗಾಡಿ ಅಡ್ಡ ನಿಲ್ಲತೈತಿ, ಎಡಕ್ಕ ಸರಸ್ರಿ. ಕೆಳಗ ಇಷ್ಟು ಎತ್ತರಾ ಬಿಡ್ರಿ, ಮಳಿಗಾಲದಾಗ ಬಸ್ ಸಿಡಸತಾವು" ಎಂದು ಸುಣ್ಣದಲ್ಲಿ ಗೆರೆ ಎಳೆದಳು.

ನನ್ನ ನಕ್ಷೆಯಲ್ಲಿ ದೀಪ, ಪುಸ್ತಕ, ಬಳ್ಳಿ ಇದ್ದವು. ಅವಳು ಅದನ್ನು ನೋಡಿ ತಲೆ ಕೆರೆದುಕೊಂಡಳು.

"ಚಂದೈತ್ರಿ. ಆದ್ರ ಹಾಸ್ಟೆಲಿನ್ಯಾಗ ಹುಡುಗ್ಯಾರು ಮುಂಜಾನೆದ್ದು ದೀಪಾ ಹಿಡಕೊಂಡ ನಿಲ್ಲತಾರೇನು?"

"ಮತ್ತೇನ್ ಮಾಡತಾರ?"

"ಒಬ್ಬಾಕಿ ತಲಿ ಇನ್ನೊಬ್ಬಾಕಿ ಬಾಚತಾಳ. ಆಕಿ ತಲಿ ಆಕಿ ಹಿಂದಿನಾಕಿ. ಹಿಂಗ ಪಾಳಿ."

ಗೋಡೆಯ ಮೇಲೆ ಕೊನೆಗೆ ಅದೇ ಬಂತು. ಒಬ್ಬಳ ಹಿಂದೆ ಒಬ್ಬಳು ಕೂತ ಹತ್ತೊಂಬತ್ತು ಹುಡುಗಿಯರು, ಪ್ರತಿಯೊಬ್ಬಳ ಜಡೆ ಹಿಂದಿನವಳ ಕೈಯಲ್ಲಿ. ರೇಖೆ, ಅಳತೆ ನನ್ನದು. ಜಡೆಗಳನ್ನು ಅವಳು ಎಳೆದಳು, ಚಪ್ಪಟೆ ಕುಂಚದಿಂದ, ಒಂದೊಂದೇ ಎಳೆತದಲ್ಲಿ. ಇಪ್ಪತ್ತೆರಡು ದಿನ ನಾನು ಅವಳ ಮಣಿಕಟ್ಟನ್ನು ನೋಡುತ್ತಾ ಕೆಲಸ ಮಾಡಿದೆ. ಮುಗಿದ ದಿನ ಕೆಳಗೆ ಬಲಮೂಲೆಯಲ್ಲಿ ನನ್ನ ಸಹಿ ಹಾಕಿದೆ. ಅವಳು ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಾ ಅದನ್ನು ನೋಡಿದಳು.

ಉದ್ಘಾಟನೆಯ ದಿನ ದೇಸಾಯರು ಗೋಡೆಯ ಉದ್ದಕ್ಕೂ ಎರಡು ಸಲ ನಡೆದರು. "ಮೇಡಂ, ಆ ಗಾಡಿ ಚಿತ್ರದಾಂವ ಸಿಗಲಿಲ್ಲಂತ ನನಗ ಕೆಟ್ಟನಿಸಿತ್ತು. ಸಿಗದಿದ್ದದ್ದ ಚಲೋ ಆತು ನೋಡ್ರಿ" ಎಂದರು. ಫಾತಿಮಾ ನಾಲ್ಕು ಹೆಜ್ಜೆ ಆಚೆ ಏಣಿಗೆ ಹಗ್ಗ ಸುತ್ತುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ನಾನು ಐದು ವರ್ಷ ನಂಬಿದ್ದೆ.

ಜನ ನನ್ನನ್ನು ಗುರುತಿಸತೊಡಗಿದ್ದು ಆ ಗೋಡೆಯಿಂದ. "ನಿಮ್ಮ ಚಿತ್ರ ಜನ ನೋಡುವಂತೆ ಹೇಗೆ ಮಾಡಿದಿರಿ" ಎಂದು ನೀವು ಕೇಳುವಾಗ ನಿಮ್ಮ ಕಣ್ಣ ಮುಂದಿರುವುದೂ ಅದೇ ಗೋಡೆ.

ಡಾಕ್ಟರರ ಮಾತಿನ ನಂತರ ಕುಂಚಗಳನ್ನು ಒಯ್ಯಲು ಫಾತಿಮಾಳನ್ನು ಕರೆದೆ. ಅಡುಗೆಮನೆಯ ಕಟ್ಟೆಯ ಮೇಲೆ ಹರವಿಟ್ಟಿದ್ದೆ. ಅವಳು ಒಂದೊಂದನ್ನೂ ಹೆಬ್ಬೆರಳಿಗೆ ತಿಕ್ಕಿ ನೋಡಿ ಚೀಲಕ್ಕೆ ಹಾಕುತ್ತಿದ್ದಳು.

"ಫಾತಿಮಾ, ನಿನಗೊಂದು ಮಾತು ಹೇಳೂದದ" ಎಂದೆ.

"ಗ್ವಾಡೀದಾ?" ಎಂದಳು, ತಲೆ ಎತ್ತದೆ. "ಗೊತ್ತೈತಿ ಬಿಡ್ರಿ ಅಕ್ಕಾರ."

"ಏನು ಗೊತ್ತದ? ಯಾರು ಹೇಳಿದ್ರು?"

"ಯಾರ ಹೇಳಬೇಕು? ಆ ಮುದುಕರು ಮೊದಲ ನಮ್ಮ ಅಂಗಡಿಗೇ ಬಂದಿದ್ರು ಫೋಟೋ ಹಿಡಕೊಂಡು. ಬೈಲಹೊಂಗಲದ ಅಕ್ಕಾರನ ಕೇಳ್ರಿ ಅಂತ ನಿಮ್ಮ ಕಡೆ ಕಳಿಸಿದಾಕಿ ನಾನ."

"ನೀನ ತೆಗದದ್ದು ಅಂತ ನೀ ಯಾಕ ಹೇಳಲಿಲ್ಲ?"

"ಮಸಿ ಕೈ, ವೆಲ್ಡಿಂಗ್ ಅಂಗಡಿ. ನಾನ ತೆಗದೀನಿ ಅಂದ್ರ ನಂಬತಿದ್ರೇನು? ನೀವು ಕಲತವರು. ನೀವು ಹೇಳಿದ್ರ ನಂಬತಾರ ಅಂತ ಕಳಿಸಿದ್ದೆ. ಇಂಥಾಕಿ ತೆಗದಾಳ, ಚಲೋ ತೆಗೀತಾಳ ಅಂತ ನಿಮ್ಮ ಬಾಯಾಗ ಒಮ್ಮೆ ಬರಬೇಕಿತ್ತು."

ಇಷ್ಟು ಹೇಳಿ ಅವಳು ಒಂದು ಕುಂಚವನ್ನು ಪಕ್ಕಕ್ಕಿಟ್ಟಳು. "ಇದರ ಕೂದಲ ಉದರತಾವ, ಬ್ಯಾಡ."

"ಮತ್ತ ನಾ ಕರದಾಗ ಯಾಕ ಬಂದಿ?"

ಅವಳಿಗೆ ನಗು ಬಂತು. "ಏ, ಎಷ್ಟ ದೊಡ್ಡ ಗ್ವಾಡಿ ಇತ್ತಲ್ರಿ! ಅಷ್ಟ ದೊಡ್ಡದು ಮತ್ತ ಯಾರ ಕೊಡತಿದ್ರು ನನಗ?"

ಆ ನಗುವಿನಲ್ಲಿ ಚುಚ್ಚು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳಿಗೆ ಬೇಕಾದದ್ದು ಗೋಡೆ, ನನಗೆ ಬೇಕಾದದ್ದು ಹೆಸರು. ಆ ಒಂದು ವಿಷಯಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಅವತ್ತೇ ಸಂಜೆ ದೇಸಾಯರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅವತ್ತ ಒಂದು ಹೆಸರು ಹೇಳಿದ್ರ ಮುಗೀತಿತ್ತಲ್ರಿ ಮೇಡಂ" ಎಂದರು. ಫಾತಿಮಾಳ ನಂಬರ್ ಬರೆದುಕೊಂಡರು. ರಾಮದುರ್ಗದಲ್ಲಿ ಅವರ ಎರಡನೆಯ ಹಾಸ್ಟೆಲಿನ ಗೋಡೆಯ ಮೇಲೆ ಈಗ ಅವಳೇ ಕೆಲಸ ಮಾಡುತ್ತಿದ್ದಾಳೆ. ದಿನವೂ ಫೋಟೊ ಕಳಿಸುತ್ತಾಳೆ. ದಿನವೂ ದೊಡ್ಡದು ಮಾಡಿ ನೋಡಿ, ತಪ್ಪು ಹುಡುಕುತ್ತೇನೆ.

ಸವದತ್ತಿಯ ಗೋಡೆಯ ಮೇಲೆ ಅವಳ ಹೆಸರು ಬರೆಯಬೇಕೆಂದು ಮಳೆಗಾಲ ಮುಗಿದ ಮೇಲೆ ಇಬ್ಬರೂ ಹೋದೆವು. ನನ್ನ ಸಹಿಯನ್ನು ಹುಡುಕಿದೆ. ಬಲಮೂಲೆಯಲ್ಲಿ ಅದು ಇರಲಿಲ್ಲ. ಐದು ವರ್ಷದ ಬಸ್ಸುಗಳು ಸಿಡಿಸಿದ ಕೆಸರು ಒಣಗಿ, ಉದುರಿ, ಮತ್ತೆ ಸಿಡಿದು ಸಹಿಯನ್ನೂ ಜೊತೆಗೆ ಕಿತ್ತುಕೊಂಡು ಹೋಗಿತ್ತು. ಅವಳು ಸುಣ್ಣದಲ್ಲಿ ಎಳೆದಿದ್ದ ಗೆರೆಯ ಮೇಲೆ ಹುಡುಗಿಯರು ಸ್ವಚ್ಛವಾಗಿ ಕೂತು ಜಡೆ ಹೆಣೆಯುತ್ತಿದ್ದರು. ಅವಳು ಅಂದು ಕುಂಚ ತೊಳೆಯುತ್ತಾ ನನ್ನ ಸಹಿಯನ್ನು ನೋಡಿ ಸುಮ್ಮನಿದ್ದದ್ದು ನೆನಪಾಯಿತು.

"ಬರಿಯೂದಾದ್ರ ಮ್ಯಾಲೆ ಬರೀರಿ ಅಕ್ಕಾರ" ಎಂದಳು. "ಕೆಸರು ಹತ್ತದಂಥಲ್ಲಿ."

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ನಾನು ಏಣಿ ಹತ್ತಿದೆ. ಡಾಕ್ಟರರ ಮಾತು ಮೀರಿ ಡಬ್ಬಿಯ ಮುಚ್ಚಳ ತೆಗೆದದ್ದು ಅದೊಂದೇ ಸಲ. ಹತ್ತೊಂಬತ್ತನೆಯ ಹುಡುಗಿಯ ಜಡೆಯ ಪಕ್ಕದಲ್ಲಿ ಫಾತಿಮಾ ಎಂದು ಬರೆದೆ. ಈ ವೃತ್ತಿಯಲ್ಲಿ ನನ್ನ ಕೊನೆಯ ಕೆಲಸ ಆ ಮೂರು ಅಕ್ಷರ. ಅವಳು ರಸ್ತೆ ದಾಟಿ, ಬಸ್ಸಿಗೆ ಕಾಯುವವರ ಕಟ್ಟೆಯ ಮೇಲೆ ಕೂತು, ಅಲ್ಲಿಂದಲೇ ಕೂಗಿದಳು:

"ಫಾ ಅಕ್ಷರದ ಹೊಟ್ಟಿ ಸಣ್ಣದಾತ್ರಿ! ಇಲ್ಲಿಂದ ನೋಡಿದ್ರ ಉಪವಾಸ ಇದ್ದಂಗ ಕಾಣತೈತಿ!"

ಅವಳ ಪಕ್ಕದ ಹೆಂಗಸರು ನಕ್ಕರು. ಏಣಿಯ ಮೇಲಿಂದ ಹಿಂದಕ್ಕೆ ಬಾಗಿ ನೋಡಿದೆ. ಅವಳು ಹೇಳಿದ್ದು ಸರಿ. ಕುಂಚದಲ್ಲಿ ಇನ್ನೂ ಬಣ್ಣವಿತ್ತು. ನಾನು ತಿದ್ದಲಿಲ್ಲ. ಆ ಗೋಡೆಯ ಮೇಲೆ ಪೂರ್ತಿ ನನ್ನದೇ ಎನ್ನುವಂಥದ್ದು ಒಂದಾದರೂ ಉಳಿಯಲಿ ಎನ್ನಿಸಿತು.